ಚಂದ್ರಂಪಳ್ಳಿ ಡ್ಯಾಮ್ ಹತ್ರ ಎರಡು ದಿನದ ಕ್ಯಾಂಪು: ರಾತ್ರಿ ಪಾಳಿಗಿ ಫುಲ್ ಮಾರ್ಕ್ಸು, ಸರ್ಟಿಫಿಕೇಟಿಗಿ ಸೊನ್ನಿ

ಮೊನ್ನಿ ಶನಿವಾರ ರವಿವಾರ ನಮ್ಮ ಸೊಸಿಗಿ (ಅಕ್ಕನ ಮಗಳು, ಪಿಯುಸಿ ಸೆಕೆಂಡ್ ಇಯರ್) ಕರ್ಕೊಂಡು ಚಿಂಚೋಳಿ ಕಾಡಿನಾಗ ಕಾಡು, ಪ್ರಾಣಿ ಉಳಿಸೋದ್ರ ಬಗ್ಗೆ ಹೇಳೋ ಕ್ಯಾಂಪಿಗಿ ಹೋಗಿದ್ದೆ. ಒಬ್ಬರಿಗಿ 1,800 ರೂಪಾಯಿ. ಕಲಬುರಗಿಯಿಂದ ಆರಕ್ಕ ಬಸ್ಸು ಅಂದೋರು ಎಂಟೂವರಿಗಿ ಬಂದ್ರು, ಅದಿರ್ಲಿ.

ಮೊದಲನೇ ದಿನ ಬರೀ ಪ್ರೊಜೆಕ್ಟರ್, ಅದೂ ಆಫ್ರಿಕಾ ಬಗ್ಗೆ. ಚಿಂಚೋಳಿಗಿ ಬಂದು ಆಫ್ರಿಕಾ ಯಾಕ್ರಿ ಅನ್ಕೊಂಡಿದ್ದೆ, ಆದ್ರ ಮೊಜಾಂಬಿಕ್‌ನ ಗೊರೊಂಗೋಸಾ ನ್ಯಾಷನಲ್ ಪಾರ್ಕಿನ ಕಥಿ ಶುರುವಾದ ಮ್ಯಾಲ ಯಾರೂ ಮೊಬೈಲ್ ಮುಟ್ಟಲಿಲ್ಲ. 1977ರಿಂದ 1992ರ ತನಕ ಅಲ್ಲಿ ಅಂತರ್ಯುದ್ಧ, ಮಾಂಸಕ್ಕ ದಂತಕ್ಕ ಅಂತ ಹೊಡದು ಹೊಡದು ದೊಡ್ಡ ಪ್ರಾಣಿ ನೂರಕ್ಕ ತೊಂಬತ್ತು ಖಾಲಿ. ದಂತ ಇದ್ದವು ಸತ್ತು, ಹುಟ್ಟಾ ದಂತ ಇಲ್ಲದ ಹೆಣ್ಣಾನಿ ಬದುಕಿದವು, ನೂರರಾಗ 18 ಇದ್ದದ್ದು ಯುದ್ಧ ಮುಗಿಯೋದ್ರಾಗ 51 ಆಯ್ತಂತ! ಈಗ ಆ ಪಾರ್ಕಿನೋರೇ ಸುತ್ತಲಿನ ಹಳ್ಳಿ ಶಾಲಿಗಳಾಗ ಹುಡುಗೇರ ಕ್ಲಬ್ ನಡೆಸ್ತಾರ, ಸಣ್ಣ ವಯಸ್ಸಿಗಿ ಮದುವಿ ಆಗದೆ ಓದು ಮುಂದುವರೀಲಿ ಅಂತ. ಇದು ಕೇಳಿ ನಮ್ಮ ಸೊಸಿ ನನ್ನ ಮುಖ ನೋಡಿದ್ಳು. ಅವಳ ಕ್ಲಾಸಿನಾಗ ಇದ್ದ ಇಬ್ರು ಈ ವರ್ಷ ಕಾಲೇಜಿಗಿ ಬರ್ಲತ್ತಿಲ್ಲ, ಯಾಕಂತ ನಮ್ಮ ಕಡಿ ಕೇಳೋದೇ ಬ್ಯಾಡ.

ರಾತ್ರಿದು ಮಾತ್ರ ಭಾರಿ. ದಕ್ಷಿಣ ಆಫ್ರಿಕಾದಾಗ ಇಯಾನ್ ಪ್ಲೇಯರ್ ಅಂಬೋರು 1957ರಾಗ ವೈಲ್ಡರ್‌ನೆಸ್ ಲೀಡರ್‌ಶಿಪ್ ಸ್ಕೂಲ್ ಶುರು ಮಾಡಿದ್ರು, ಸಣ್ಣ ಗುಂಪು, ಕಾಡಾಗ ನಡಿಗಿ, ರಾತ್ರಿ ಒಬ್ಬೊಬ್ರೇ ಬೆಂಕಿ ಪಕ್ಕ ಕುಂತು ಕಾವಲು. ಅದೇ ನಮೂನಿ ನಮಗೂ ಪಾಳಿ ಹಚ್ಚಿದ್ರು, ಆದ್ರ ಇಲ್ಲಿ ಬೆಂಕಿ ಹಚ್ಚಂಗಿಲ್ಲ, ಹಂಗಾಗಿ ಸೋಲಾರ್ ಲಾಟೀನು. ನನ್ನ ಪಾಳಿ ರಾತ್ರಿ ಎರಡಕ್ಕ. ಮೊದಲ ಹತ್ತು ನಿಮಿಷ ಹೆದರಿಕಿ, ಆಮ್ಯಾಲ ದೂರ ನರಿ ಕೂಗಿದ್ದು, ಎಲಿ ಬಿದ್ದದ್ದು ಎಲ್ಲಾ ಬ್ಯಾರೆ ಬ್ಯಾರೆ ಕೇಳ್ಲತ್ತಿತ್ತು. ಸೊಸಿ ಅಂತೂ ಪಾಳಿ ಮುಗಿದ್ರೂ ಏಳಲೊಲ್ಲಳು.

ಸಿಟ್ಟು ಬಂದದ್ದು ಎರಡು ವಿಷಯಕ್ಕ. ಊರಿನವರೇ ಆದ ಫಾರೆಸ್ಟ್ ವಾಚರ್ ಒಬ್ರು ಹೆಜ್ಜಿ ಗುರುತು ತೋರಿಸ್ಲಿಕ್ಕ ಬಂದ್ರು, ಅವರಿಗಿ ಕೊಟ್ಟಿದ್ದು ಬರೀ ಹದಿನೈದು ನಿಮಿಷ, ಪ್ರೊಜೆಕ್ಟರಿಗಿ ನಾಕು ತಾಸು. ಪ್ಲೇಯರ್‌ಗೇ ಕಾಡು ಕಲಿಸಿದ್ದು ಮಗ್ಕುಬು ಎನ್‌ಟೊಂಬೆಲಾ ಅಂಬೋ ಅಲ್ಲಿನ ಜುಲು ಹಿರಿಯರು ಅಂತ ಇವ್ರೇ ಸ್ಲೈಡಿನಾಗ ತೋರಿಸಿದ್ರು ಮತ್ತ! ಇನ್ನೊಂದು, ಹೋಗೋ ಮುಂದ ಎಲ್ಲರಿಗೂ 'ಯುವ ಸಂರಕ್ಷಣಾ ನಾಯಕ' ಸರ್ಟಿಫಿಕೇಟ್. ಎರಡು ದಿನದಾಗ ಎಂಥಾ ನಾಯಕ್ರಿ? ತಾಂಜಾನಿಯಾದ ಮ್ವೆಕಾ ವನ್ಯಜೀವಿ ಕಾಲೇಜು 1963ರಿಂದ ಇದಕ್ಕಂತ್ಲೇ ವರ್ಷಗಟ್ಟಲೆ ಓದಸ್ಲತ್ತದ. ಮುಂದೇನು ಅಂತ ಹುಡುಗೂರು ಕೇಳಿದ್ರ 'ವಾಟ್ಸಾಪ್ ಗ್ರೂಪಿಗಿ ಹಾಕ್ತೀವಿ' ಅಂದ್ರು, ಆ ಗ್ರೂಪಿನಾಗ ಈಗ ಬರೀ ಗುಡ್ ಮಾರ್ನಿಂಗ್.

ಊಟ ಚೊಲೊ ಇತ್ತು, ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಹೋಗೋರು ಸ್ವೆಟರ್ ಒಯ್ರಿ, ನಸಿಕಿನಾಗ ಡ್ಯಾಮಿನ ಗಾಳಿ ಭಾಳ ಥಂಡಿ.