ಬ್ಲಡ್‌ಲೈನ್ಸ್: ವ್ಯಾಂಪೈರ್ ಲೋಕಕ್ಕೆ ಹೆದರುವವಳ ಬಾಯಲ್ಲಿ ಆರು ಪುಸ್ತಕ

ಅಮೆರಿಕದ ಲೇಖಕಿ ರಿಷೆಲ್ ಮೀಡ್ ಹದಿಹರೆಯದವರಿಗಾಗಿ ಬರೆದ ಕಾದಂಬರಿ ಸರಣಿ ‘ವ್ಯಾಂಪೈರ್ ಅಕಾಡೆಮಿ’ 2010ರ ಡಿಸೆಂಬರ್‌ನಲ್ಲಿ ಆರನೆಯ ಪುಸ್ತಕಕ್ಕೆ ಮುಗಿಯಿತು. ಒಂಬತ್ತು ತಿಂಗಳು ತುಂಬುವ ಮೊದಲೇ, 2011ರ ಆಗಸ್ಟ್ 23ಕ್ಕೆ, ಅದೇ ಲೋಕದಿಂದ ಕವಲೊಡೆದ ‘ಬ್ಲಡ್‌ಲೈನ್ಸ್’ ಬಂತು. ಗೆದ್ದ ಸರಣಿಯನ್ನು ಇನ್ನಷ್ಟು ಎಳೆಯುವುದಕ್ಕೇ ಸ್ಪಿನ್-ಆಫ್ ಬರೆಯುತ್ತಾರೆ ಅನ್ನುವ ಅನುಮಾನ ಓದುಗರಲ್ಲಿ ಇದ್ದೇ ಇರುತ್ತದೆ. ಇಲ್ಲಿ ಆ ಅನುಮಾನ ಬೇಡ. ಮೀಡ್ ಕಥೆಯನ್ನು ಎಳೆದಿಲ್ಲ, ಕಥೆ ಹೇಳುವವರನ್ನೇ ಬದಲಾಯಿಸಿದ್ದಾರೆ. ಆರು ಪುಸ್ತಕಗಳ ಬೆಲೆಯೆಲ್ಲ ಆ ಒಂದು ತೀರ್ಮಾನದಲ್ಲಿದೆ.

ಮೂಲ ಸರಣಿಯನ್ನು ಹೇಳುವ ರೋಸ್ ಹ್ಯಾಥವೇ ವ್ಯಾಂಪೈರ್‌ಗಳ ನಡುವೆಯೇ ಬೆಳೆದವಳು. ಮೊದಲು ಕೈ ಬೀಸಿ ಆಮೇಲೆ ಯೋಚಿಸುವ ಸ್ವಭಾವ. ‘ಬ್ಲಡ್‌ಲೈನ್ಸ್’ ಹೇಳುವ ಸಿಡ್ನಿ ಸೇಜ್ ಹದಿನೆಂಟರ ಮನುಷ್ಯ ಹುಡುಗಿ. ವ್ಯಾಂಪೈರ್‌ಗಳು ಸೃಷ್ಟಿಯ ಕ್ರಮಕ್ಕೇ ವಿರುದ್ಧ, ಅವರ ಹತ್ತಿರ ಸುಳಿಯುವುದೂ ತಪ್ಪು ಎಂದು ಕೇಳಿಕೊಂಡೇ ಬೆಳೆದವಳು. ಮೂಲ ಸರಣಿಯ ನಾಲ್ಕನೆಯ ಪುಸ್ತಕದಲ್ಲಿ, ರಷ್ಯಾದಲ್ಲಿ, ರೋಸ್‌ಗೆ ದಾರಿ ತೋರಿಸಲು ಬಂದ ಸಣ್ಣ ಪಾತ್ರ ಇವಳು. ಅವಳಿಗೇ ಕಥೆ ಒಪ್ಪಿಸಿದಾಗ, ನಮಗೆ ಆರು ಪುಸ್ತಕಗಳಿಂದ ಗೊತ್ತಿದ್ದ ಲೋಕ ಮತ್ತೆ ಹೊಸದಾಗಿ, ಭಯ ಹುಟ್ಟಿಸುವ ಹಾಗೆ ಕಾಣುತ್ತದೆ.

ಹೊಸಬರಿಗೆ ನಿಯಮಗಳು ಚುಟುಕಾಗಿ ಹೀಗಿವೆ. ಮೊರೊಯ್ ಅಂದರೆ ಹುಟ್ಟಿ, ಬೆಳೆದು, ಸಾಯುವ ವ್ಯಾಂಪೈರ್‌ಗಳು. ಬಿಸಿಲಿಗೆ ಬಾಡುತ್ತಾರೆ, ಆದರೆ ಸುಟ್ಟುಹೋಗುವುದಿಲ್ಲ. ಒಪ್ಪಿ ಕೊಡುವವರ ರಕ್ತವನ್ನಷ್ಟೇ ಕುಡಿಯುತ್ತಾರೆ. ಗಾಳಿ, ನೀರು, ಬೆಂಕಿ, ಮಣ್ಣು ಇವುಗಳಲ್ಲಿ ಒಂದರ ಮೇಲೆ ಅವರಿಗೆ ಹಿಡಿತ, ಅಪರೂಪಕ್ಕೆ ಕೆಲವರಿಗೆ ಚೈತನ್ಯದ ಮೇಲೆ. ಸ್ಟ್ರಿಗೊಯ್ ಸತ್ತೂ ಸಾಯದ ಕೊಲೆಗಾರರು. ಅವರನ್ನು ಮುಗಿಸಲು ಮಂತ್ರಿಸಿದ ಬೆಳ್ಳಿಯ ಗೂಟ, ಬೆಂಕಿ ಅಥವಾ ತಲೆ ಕಡಿಯುವುದು ಬಿಟ್ಟರೆ ದಾರಿಯಿಲ್ಲ. ಎರಡೂ ಹೆಸರು ರೊಮೇನಿಯದ ಜನಪದ ನಂಬಿಕೆಗಳಿಂದ ಬಂದವು. ಅರ್ಧ ಮನುಷ್ಯ, ಅರ್ಧ ವ್ಯಾಂಪೈರ್ ಆದ ಧಾಂಪಿರ್‌ಗಳು ಮೊರೊಯ್‌ಗಳ ಕಾವಲುಗಾರರು. ನಾಲ್ಕನೆಯವರು ಆಲ್ಕೆಮಿಸ್ಟರು: ಈ ಲೋಕ ಸಾಮಾನ್ಯ ಜನರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವ ಮನುಷ್ಯರ ಗುಟ್ಟಿನ ಸಂಘ. ಸ್ಟ್ರಿಗೊಯ್ ಹೆಣವನ್ನು ಕರಗಿಸುವ ರಾಸಾಯನಿಕದ ಸೀಸೆಗಳು ಅವರ ಚೀಲದಲ್ಲಿ ಸದಾ ಇರುತ್ತವೆ. ಸಿಡ್ನಿ ಇವರಲ್ಲೊಬ್ಬಳು.

ಆಲ್ಕೆಮಿಸ್ಟರ ಎಡಗೆನ್ನೆಯ ಮೇಲೆ ಚಿನ್ನದ ಲಿಲ್ಲಿ ಹೂವಿನ ಹಚ್ಚೆ ಇರುತ್ತದೆ. ಸರಣಿಯ ಕೀಲಿ ಆ ಹಚ್ಚೆಯೇ, ಅದನ್ನು ಗಮನವಿಟ್ಟು ನೋಡಬೇಕು. ಅದರ ಶಾಯಿಯಲ್ಲಿ ಚಿನ್ನದ ಜೊತೆ ವ್ಯಾಂಪೈರ್ ರಕ್ತ ಬೆರೆತಿದೆ. ರಕ್ತದಿಂದ ಗಾಯ ಬೇಗ ಮಾಗುತ್ತದೆ, ಕಾಯಿಲೆ ತಾಗುವುದಿಲ್ಲ. ಅದರಲ್ಲೇ ಹುದುಗಿಸಿದ ಮಂತ್ರಶಕ್ತಿ, ಹೊರಗಿನವರ ಮುಂದೆ ವ್ಯಾಂಪೈರ್ ವಿಷಯ ಎತ್ತದಂತೆ ನಾಲಿಗೆ ಕಟ್ಟುತ್ತದೆ. ಯಾರನ್ನು ಕಂಡರೆ ಅಸಹ್ಯವೋ ಅವರದೇ ರಕ್ತ ಚರ್ಮದೊಳಗೆ. ಯಾವುದನ್ನು ಪಾಪ ಅನ್ನುತ್ತಾರೋ ಆ ಮಂತ್ರವೇ ಬಾಯಿಗೆ ಬೀಗ. ಈ ವಿರೋಧಾಭಾಸವನ್ನು ಮೀಡ್ ಭಾಷಣವಾಗಿ ಹೇಳುವುದಿಲ್ಲ. ಮೊದಲ ಪುಸ್ತಕದಲ್ಲಿ ಸಿಡ್ನಿ ಸೇರಿದ ಶಾಲೆಯ ಹುಡುಗರು ಊರಿನ ಒಂದು ಹಚ್ಚೆ ಅಂಗಡಿಯಿಂದ ಲೋಹದ ಬಣ್ಣದ ಹಚ್ಚೆ ಹಾಕಿಸಿಕೊಂಡು ಬಂದು ಆಟದಲ್ಲಿ ಇದ್ದಕ್ಕಿದ್ದಂತೆ ಮಿಂಚತೊಡಗುತ್ತಾರೆ. ಆ ಹಚ್ಚೆಗಳ ಹಿಂದೆ ಏನಿದೆ ಎಂದು ಸಿಡ್ನಿ ಬೆನ್ನು ಹತ್ತುತ್ತಾಳೆ. ಹುಡುಕುತ್ತ ಹೋದಂತೆ ತನ್ನ ಕೆನ್ನೆಯ ಹೂವನ್ನೂ ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ.

ಕಥೆ ಶುರುವಾಗುವುದು ಸಾಲ್ಟ್ ಲೇಕ್ ಸಿಟಿಯಲ್ಲಿ, ನಡುರಾತ್ರಿ. ಹಿರಿಯ ಆಲ್ಕೆಮಿಸ್ಟರು ಮನೆಗೇ ಬಂದಿದ್ದಾರೆ, ಒಂದು ಕೆಲಸಕ್ಕೆ ಸಿಡ್ನಿಯ ತಂಗಿ ಜೋಯಿಯನ್ನು ಕಳಿಸುವ ಯೋಚನೆಯಲ್ಲಿದ್ದಾರೆ. ತಂಗಿಯ ಕೆನ್ನೆಗೆ ಆ ಹೂವು ಬೀಳಬಾರದು ಎಂದು ಸಿಡ್ನಿ ತಾನೇ ಹೊರಡುತ್ತಾಳೆ. ಕೆಲಸ ಇಷ್ಟು: ಮೊರೊಯ್ ರಾಣಿಯ ಮಲತಂಗಿ ಜಿಲ್‌ಳನ್ನು ಬಚ್ಚಿಡಬೇಕು. ರಕ್ತಸಂಬಂಧಿಯೊಬ್ಬರು ಬದುಕಿದ್ದರಷ್ಟೇ ಸಿಂಹಾಸನ ಉಳಿಯುತ್ತದೆ ಅನ್ನುವುದು ಅವರ ಕಾನೂನು, ಹಾಗಾಗಿ ರಾಣಿಯನ್ನು ಇಳಿಸಲು ಜಿಲ್‌ಳನ್ನು ಕೊಂದರೆ ಸಾಕು. ಬಚ್ಚಿಡಲು ಆರಿಸಿಕೊಂಡ ಊರು ಕ್ಯಾಲಿಫೋರ್ನಿಯಾದ ಮರುಭೂಮಿಯ ಪಾಮ್ ಸ್ಪ್ರಿಂಗ್ಸ್. ಅಷ್ಟು ಬಿಸಿಲಿನ ಊರಲ್ಲಿ ವ್ಯಾಂಪೈರ್ ಇರಬಹುದೆಂದು ಯಾರೂ ಎಣಿಸುವುದಿಲ್ಲ. ಇಬ್ಬರೂ ಅಲ್ಲಿನ ಶಾಲೆಗೆ ಸೇರುತ್ತಾರೆ. ಆದರೆ ವ್ಯಾಯಾಮದ ಪೀರಿಯಡ್‌ನಲ್ಲಿ ಮೈದಾನಕ್ಕಿಳಿದ ಜಿಲ್ ಬಿಸಿಲಿಗೆ ನಿಲ್ಲಲಾರದೆ ತತ್ತರಿಸುತ್ತಾಳೆ. ಇಂಥ ದಿನನಿತ್ಯದ ತೊಡಕುಗಳಲ್ಲಿ ಮೀಡ್ ಕೈ ಪಳಗಿದೆ.

ಸಿಡ್ನಿಯ ಬದಲಾವಣೆ ಬಹಳ ನಿಧಾನ. ಮೊದಮೊದಲು ವ್ಯಾಂಪೈರ್‌ಗಳ ಜೊತೆ ಕೂತರೆ ಎಡ ಭುಜದ ಮೇಲೆ ಶಿಲುಬೆಯ ಗುರುತು ಎಳೆದುಕೊಳ್ಳುತ್ತಾಳೆ. ಆಮೇಲೆ ಇತಿಹಾಸದ ಶಿಕ್ಷಕಿ ಟೆರ್ವಿಲಿಗರ್ ಹಳೆಯ ಪುಸ್ತಕದಲ್ಲಿರುವ ಮಂತ್ರದ ತಾಯಿತವೊಂದನ್ನು ಹೇಳಿದ ಅಳತೆಯಲ್ಲೇ ಮಾಡಿಕೊಂಡು ಬಾ ಎಂದು ಕೆಲಸ ಹಚ್ಚುತ್ತಾರೆ. ಸಿಡ್ನಿಗೆ ಅದು ಬರೀ ಹೋಮ್‌ವರ್ಕ್. ಅಳತೆ ತಪ್ಪದೆ, ಹೆಜ್ಜೆ ಬಿಡದೆ ಮಾಡುವುದು ಅವಳಿಗೆ ಉಸಿರಾಡಿದಷ್ಟು ಸಲೀಸು. ಆದರೆ ಆ ತಾಯಿತ ಕೆಲಸ ಮಾಡಿಬಿಡುತ್ತದೆ. ಅವಳು ಅತಿ ಹೆಚ್ಚು ಹೆದರುವ ವಿದ್ಯೆ ಒಲಿದದ್ದು ಅವಳ ಅಚ್ಚುಕಟ್ಟುತನಕ್ಕೇ. ಇಡೀ ಸರಣಿಯಲ್ಲಿ ಇದಕ್ಕಿಂತ ಚೆನ್ನಾಗಿ ಕಟ್ಟಿದ ತಿರುವು ಇನ್ನೊಂದಿಲ್ಲ.

ಏಡ್ರಿಯನ್ ಇವಾಶ್ಕೊವ್ ಮೂಲ ಸರಣಿಯಲ್ಲಿ ಮನಸ್ಸು ಮುರಿದುಕೊಂಡು ಉಳಿದ ಮೊರೊಯ್ ಹುಡುಗ. ಇಲ್ಲಿ ಅವನಿಗೆ ನ್ಯಾಯ ಸಿಕ್ಕಿದೆ. ಗೇರ್ ಹಾಕಲು ಬಾರದವನು ಹಳದಿ ಮಸ್ಟಾಂಗ್ ಕಾರು ಕೊಂಡು, ಕಲಿಸಿಕೊಡು ಎಂದು ಸಿಡ್ನಿಯ ಹಿಂದೆ ಬೀಳುವ ಭಾಗ ನಗಿಸುತ್ತದೆ. ಅದೇ ಹುಡುಗನ ಚೈತನ್ಯ ವಿದ್ಯೆ ಅವನ ಮನಸ್ಸಿನ ಸ್ಥಿಮಿತವನ್ನೇ ತಿನ್ನುತ್ತಿದೆ. ಅವನ ಕುಡಿತ, ಖಿನ್ನತೆ, ನಾಲ್ಕನೆಯ ಪುಸ್ತಕದಲ್ಲಿ ಔಷಧಿ ಶುರು ಮಾಡಬೇಕೋ ಬೇಡವೋ ಎಂಬ ತಳಮಳ, ಇವನ್ನು ಮೀಡ್ ಪ್ರಣಯದ ಅಲಂಕಾರ ಮಾಡಿಲ್ಲ, ಕಾಯಿಲೆ ಎಂದೇ ಬರೆದಿದ್ದಾರೆ. ಹದಿಹರೆಯದವರ ಕಾದಂಬರಿಗಳಲ್ಲಿ ಈ ಪ್ರಾಮಾಣಿಕತೆ ಸುಲಭಕ್ಕೆ ಸಿಗುವುದಿಲ್ಲ. ಮೊದಲ ಮೂರು ಪುಸ್ತಕಗಳನ್ನು ಸಿಡ್ನಿ ಒಬ್ಬಳೇ ಹೇಳುತ್ತಾಳೆ, ನಾಲ್ಕರಿಂದ ಇಬ್ಬರೂ ಹಂಚಿಕೊಳ್ಳುತ್ತಾರೆ. ಅಧ್ಯಾಯದ ತಲೆಯಲ್ಲಿರುವ ಹೆಸರು ನೋಡದೆ ಓದಿದರೆ ಅರ್ಧ ಪುಟ ಗೊಂದಲ ಖಂಡಿತ, ಯಾಕೆಂದರೆ ಇಬ್ಬರೂ ‘ನಾನು’ ಎಂದೇ ಮಾತಾಡುತ್ತಾರೆ.

ಕೊರತೆಗಳೂ ಇವೆ. ಪ್ರತಿ ಪುಸ್ತಕದ ಮೊದಲ ಅಧ್ಯಾಯಗಳಲ್ಲಿ ಮೊರೊಯ್ ಯಾರು, ಆಲ್ಕೆಮಿಸ್ಟರು ಯಾರು ಎಂಬ ಪಾಠ ಮತ್ತೆ ಬರುತ್ತದೆ. ಎಂಟೊಂಬತ್ತು ತಿಂಗಳ ಅಂತರದಲ್ಲಿ ಓದುತ್ತಿದ್ದವರಿಗೆ ಅದು ಬೇಕಿತ್ತು, ಈಗ ಆರನ್ನೂ ಒಟ್ಟಿಗೆ ಓದುವವರಿಗೆ ಬೇಸರ. ಆ ಪ್ಯಾರಾಗಳನ್ನು ಹಾರಿಸಿದರೆ ಏನೂ ಕಳೆದುಕೊಳ್ಳುವುದಿಲ್ಲ. ಎರಡನೆಯ ಪುಸ್ತಕದ ನಡುಭಾಗ ಜಗ್ಗುತ್ತದೆ. ಆರನೆಯದಕ್ಕೆ ಮುಗಿಸುವ ಅವಸರ ಅಂಟಿಕೊಂಡಿದೆ, ಒಂದೆರಡು ದೊಡ್ಡ ಪ್ರಶ್ನೆಗಳು ಕೆಲವೇ ಪುಟಗಳಲ್ಲಿ ಬಗೆಹರಿದುಬಿಡುತ್ತವೆ. ಐದನೆಯದು ಉಸಿರುಗಟ್ಟಿಸುವಷ್ಟು ಕತ್ತಲಿನದು. ಅದು ಕೊರತೆಯಲ್ಲ, ಆದರೆ ಮೊದಲೆರಡರ ಶಾಲೆಯ ಹಗುರ ನೆನೆದು ಹದಿಮೂರರ ಮಕ್ಕಳ ಕೈಗೆ ಆರನ್ನೂ ಕೊಡುವ ಮುನ್ನ ಹಿರಿಯರೊಮ್ಮೆ ಓದಿ ನೋಡುವುದು ಒಳ್ಳೆಯದು.

ಮೂಲ ಸರಣಿ ಓದದೆ ಇದನ್ನು ಹಿಡಿಯಬಹುದೇ? ಕಥೆ ಅರ್ಥವಾಗುತ್ತದೆ. ಆದರೆ ಸಿಂಹಾಸನ ಯಾರಿಗೆ ಹೋಯಿತು, ಜಿಲ್ ಯಾರ ಮಗಳು, ರೋಸ್ ಕೊನೆಗೆ ಯಾರ ಕೈ ಹಿಡಿದಳು ಎಂಬುದೆಲ್ಲ ಆರಂಭದಲ್ಲೇ ಬಯಲಾಗುತ್ತದೆ. ಒಮ್ಮೆ ತಿಳಿದ ಮೇಲೆ ಮೂಲದ ಕೊನೆಯ ಎರಡು ಪುಸ್ತಕಗಳ ಕುತೂಹಲ ವಾಪಸ್ ಬರುವುದಿಲ್ಲ. ಹಾಗಾಗಿ ಆರು ಓದಿಯೇ ಏಳನೆಯದಾಗಿ ಇದನ್ನು ತೆಗೆದುಕೊಳ್ಳಿ. ನಡುವೆ ‘ಹೋಮ್‌ಕಮಿಂಗ್’ ಎಂಬ ಸಣ್ಣಕಥೆ ಇದೆ, 2012ರ ‘ಫೋರ್‌ಟೋಲ್ಡ್’ ಸಂಕಲನದಲ್ಲಿ. ರೋಸ್ ಮೇಲೆ ಅಕ್ಕರೆಯಿದ್ದವರು ಹುಡುಕಿ ಓದಲಿ, ಬಿಟ್ಟರೂ ‘ಬ್ಲಡ್‌ಲೈನ್ಸ್’ ಓದಿಗೆ ತೊಂದರೆಯಿಲ್ಲ.

ಕೊಳ್ಳುವಾಗ ಎಡವುವುದು ಹೆಸರಿನಲ್ಲಿ. ‘ಬ್ಲಡ್‌ಲೈನ್ಸ್’ ಸರಣಿಯ ಹೆಸರೂ ಹೌದು, ಮೊದಲ ಪುಸ್ತಕದ ಹೆಸರೂ ಹೌದು. ಅದೇ ಹೆಸರಿನ ಬೇರೆಯವರ ಪುಸ್ತಕಗಳೂ ಮಾರುಕಟ್ಟೆಯಲ್ಲಿವೆ, ಆದ್ದರಿಂದ ಲೇಖಕಿಯ ಹೆಸರು ಸೇರಿಸಿ ಹುಡುಕಿ. ಮೂಲ ಸರಣಿಯ ಮೊದಲ ಮೂರು ಪುಸ್ತಕಗಳಿಗೆ ಕಾಮಿಕ್ಸ್ ರೂಪದ ಆವೃತ್ತಿಯೂ ಇದೆ, ಮುಖಪುಟ ನೋಡಿ ಅದನ್ನೇ ಕಾದಂಬರಿ ಅಂದುಕೊಂಡು ತರಿಸಬೇಡಿ. ಗಟ್ಟಿ ರಟ್ಟು, ಪೇಪರ್‌ಬ್ಯಾಕ್, ಇ-ಪುಸ್ತಕ ಮೂರಕ್ಕೂ ಬೇರೆ ಬೇರೆ ಗುರುತಿನ ಸಂಖ್ಯೆ, ಅಂದರೆ ಐಎಸ್‌ಬಿಎನ್ ಇರುತ್ತದೆ. ಆ ಹದಿಮೂರು ಅಂಕಿ ತಾಳೆ ನೋಡಿದರೆ ತಪ್ಪು ಪ್ರತಿ ಬರುವುದಿಲ್ಲ. ಅಮೆರಿಕದ ಮತ್ತು ಬ್ರಿಟನ್ನಿನ ಪೇಪರ್‌ಬ್ಯಾಕ್‌ಗಳ ಅಳತೆ ಒಂದೇ ಅಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳಲ್ಲಿ ಬಿಡಿಬಿಡಿಯಾಗಿ ಕೂಡಿಸುವವರು ಮೊದಲ ಪ್ರತಿಯ ಅಳತೆಯನ್ನೇ ಕೊನೆತನಕ ಹಿಡಿದರೆ ಕಪಾಟಿನ ಸಾಲು ನೆಟ್ಟಗಿರುತ್ತದೆ.

ಇನ್ನು ಹೊಸ ಬಿಡುಗಡೆಗಳ ಬೆನ್ನು ಹತ್ತುವ ಮಾತು. ‘ದ ಗೋಲ್ಡನ್ ಲಿಲ್ಲಿ’ 2012ರ ಜೂನ್ 12, ‘ದ ಇಂಡಿಗೊ ಸ್ಪೆಲ್’ 2013ರ ಫೆಬ್ರವರಿ 12, ‘ದ ಫಯರಿ ಹಾರ್ಟ್’ ಅದೇ ವರ್ಷ ನವೆಂಬರ್ 19, ‘ಸಿಲ್ವರ್ ಶ್ಯಾಡೋಸ್’ 2014ರ ಜುಲೈ 29, ‘ದ ರೂಬಿ ಸರ್ಕಲ್’ 2015ರ ಫೆಬ್ರವರಿ 10. ಮೊದಲನೆಯದೂ ಸೇರಿ ಆರೂ ಮಂಗಳವಾರ. ಅಮೆರಿಕದ ಪ್ರಕಾಶಕರ ವಾಡಿಕೆ ಅದು, ಬೇರೆ ಸರಣಿಗಳನ್ನು ಕಾಯುವವರೂ ಮಂಗಳವಾರವನ್ನೇ ಗುರುತು ಹಾಕಿಕೊಳ್ಳಬಹುದು. ನ್ಯೂಯಾರ್ಕ್‌ನ ಮಧ್ಯರಾತ್ರಿ ನಮಗೆ ಬೇಸಿಗೆಯಲ್ಲಿ ಬೆಳಗಿನ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ವಿಮರ್ಶಕರಿಗೆ ಮುಂಗಡ ಪ್ರತಿ ಮೊದಲೇ ಹೋಗಿರುವುದರಿಂದ ಕಥೆಯ ಗುಟ್ಟು ಸೋರುವುದು ಬಿಡುಗಡೆಗೂ ಮುಂಚೆಯೇ. ಸರಣಿಯ ಹೆಸರನ್ನೂ ಮುಖ್ಯ ಪಾತ್ರಗಳ ಹೆಸರನ್ನೂ ಎರಡು ವಾರ ಮೊದಲೇ ಸಾಮಾಜಿಕ ಜಾಲತಾಣಗಳಲ್ಲಿ ಕಣ್ಣಿಗೆ ಬೀಳದಂತೆ ಮ್ಯೂಟ್ ಮಾಡಿಡಿ. ಪೇಪರ್‌ಬ್ಯಾಕೇ ಬೇಕೆನ್ನುವವರು ಗಟ್ಟಿ ರಟ್ಟಿನ ಪ್ರತಿ ಬಂದು ಎಷ್ಟೋ ತಿಂಗಳು ಕಾಯಬೇಕು, ಅಷ್ಟು ದಿನ ಗುಟ್ಟು ಕಾಪಾಡಿಕೊಳ್ಳುವುದು ಕಷ್ಟದ ಕೆಲಸ.

2015ರ ನಂತರ ಸಿಡ್ನಿ–ಏಡ್ರಿಯನ್ ಕಥೆಗೆ ಹೊಸ ಕಾದಂಬರಿ ಸೇರಿಲ್ಲ. 2016ರಲ್ಲಿ ಬಂದ ‘ವ್ಯಾಂಪೈರ್ ಅಕಾಡೆಮಿ’ಯ ಹತ್ತನೇ ವರ್ಷದ ಆವೃತ್ತಿಯಲ್ಲಿ ಹೊಸ ಸಣ್ಣಕಥೆಗಳಿವೆ, ಅವು ಮೂಲ ಸರಣಿಯವು. 2014ರ ಸಿನಿಮಾ, 2022ರಲ್ಲಿ ಸ್ಟ್ರೀಮಿಂಗ್ ತಾಣ ಪೀಕಾಕ್‌ನಲ್ಲಿ ಬಂದು ಒಂದೇ ಸೀಸನ್‌ಗೆ ನಿಂತ ಹತ್ತು ಕಂತುಗಳ ಧಾರಾವಾಹಿ, ಎರಡೂ ಅದನ್ನೇ ಆಧರಿಸಿದವು. ಮೀಡ್ ಆಮೇಲೆ ಬರೆದ ‘ದ ಗ್ಲಿಟರಿಂಗ್ ಕೋರ್ಟ್’ನಲ್ಲಿ ವ್ಯಾಂಪೈರ್‌ಗಳಿಲ್ಲ, ‘ಅದೇ ಲೇಖಕಿಯ ಹೊಸ ಸರಣಿ’ ಎಂದು ಕಂಡ ತಕ್ಷಣ ಕೊಂಡುಬಿಡಬೇಡಿ.

ಇ-ಪುಸ್ತಕದಲ್ಲಿ ಓದುವವರು ಇನ್ನೊಂದು ನೆನಪಿಡಿ. ಮುಂದಿನ ಪುಸ್ತಕದ ಮೊದಲ ಅಧ್ಯಾಯವನ್ನು ಹಿಂದಿನದರ ಕೊನೆಗೆ ಅಂಟಿಸುವ ರೂಢಿಯಿದೆ. ಪರದೆ ಶೇಕಡ 93 ತೋರಿಸುತ್ತಿರುತ್ತದೆ, ಇನ್ನೂ ಕಥೆ ಉಳಿದಿದೆ ಅಂದುಕೊಂಡಿರುತ್ತೀರಿ, ಅಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ನಾಲ್ಕನೆಯ ಪುಸ್ತಕದ ಕೊನೆಯಲ್ಲಿ ಇದು ಜೋರಾಗಿ ತಟ್ಟುತ್ತದೆ. 2013ರ ನವೆಂಬರ್‌ನಲ್ಲಿ ಅದನ್ನು ಓದಿ ಮುಗಿಸಿದವರು ಎಂಟು ತಿಂಗಳು ಕಾದರು. ಈಗ ಕಾಯುವ ಅಗತ್ಯವಿಲ್ಲ, ಕೊನೆಯ ಐವತ್ತು ಪುಟ ತೆರೆಯುವ ಮುಂಚೆ ‘ಸಿಲ್ವರ್ ಶ್ಯಾಡೋಸ್’ ಪಕ್ಕದಲ್ಲಿಟ್ಟುಕೊಳ್ಳಿ.