ಆಬ್ಜೆಕ್ಟ್‌ಡಿಬಿ: ಟೇಬಲ್ ಕಟ್ಟೋ ಗೋಜಿಲ್ಲ, ಆದ್ರೆ ಹತ್ತರ ಲೆಕ್ಕ ಇಟ್ಕೊಳಿ

ಶಿರಸಿಲಿರೋ ನಮ್ ಭಾವನ ಅಡಿಕೆ ವ್ಯವಹಾರಕ್ಕೆ ಒಂದು ಸಣ್ಣ ಜಾವಾ ಆ್ಯಪ್ ಮಾಡ್ಕೊಡ್ತೀನಿ ಅಂತ ಒಪ್ಕೊಂಡ್ಬಿಟ್ಟಿದ್ದೆ. ಬೆಳೆಗಾರ, ಅವ್ರು ತಂದ ಲಾಟು, ಅದ್ರಲ್ಲಿ ರಾಶಿ ಎಷ್ಟು ಚಾಲಿ ಎಷ್ಟು ಬೆಟ್ಟೆ ಎಷ್ಟು (ಎಲ್ಲಾ ಅಡಿಕೆಯ ಬಗೆಗಳು), ಮೂಟೆವಾರು ತೂಕ, ಮಧ್ಯೆ ಮಧ್ಯೆ ಇಸ್ಕೊಂಡ ಮುಂಗಡ. ಆಫೀಸಲ್ಲಿ ದಿನಾ ಹೈಬರ್ನೇಟ್ (ಜಾವಾ ಆಬ್ಜೆಕ್ಟುಗಳನ್ನ ಡೇಟಾಬೇಸ್ ಟೇಬಲ್‌ಗೆ ಹೊಂದಿಸೋ ಲೈಬ್ರರಿ) ಜೊತೆ ಗುದ್ದಾಡೋನಿಗೆ ಮನೇಗ್ ಬಂದೂ ಟೇಬಲ್ ಟೇಬಲ್ ಜೋಡಿಸೋ ಫಾರಿನ್ ಕೀ, ಜಾಯಿನ್ ಅಂತ ಕೂರೋಕೆ ಮನಸ್ಸಾಗ್ಲಿಲ್ಲ, ಅದಕ್ಕೆ ಆಬ್ಜೆಕ್ಟ್‌ಡಿಬಿ ಹಾಕಿ ನೋಡ್ದೆ.

ಪೂರ್ತಿ ಜಾವಾದಲ್ಲೇ ಬರ್ದಿರೋ ಆಬ್ಜೆಕ್ಟ್ ಡೇಟಾಬೇಸ್ ಇದು, ಅಂದ್ರೆ ಜಾವಾ ಆಬ್ಜೆಕ್ಟುಗಳನ್ನ ಟೇಬಲ್ ಮಾಡ್ದೆ ಹಾಗೇ ಇಟ್ಕೊಳತ್ತೆ. ಒಂದು ಜಾರ್ (ಲೈಬ್ರರಿ ಫೈಲ್) ಸೇರಿಸಿ, ಡೇಟಾಬೇಸ್ ತೆರೆಯೋ ಎಂಟಿಟಿ ಮ್ಯಾನೇಜರ್ ಫ್ಯಾಕ್ಟರಿಗೆ ‘ಅಡಿಕೆ.ಒಡಿಬಿ’ ತರದ್ದೊಂದು ಫೈಲ್ ಹೆಸರು ಕೊಟ್ರೆ ಆಯ್ತು, ಫೈಲ್ ಇಲ್ದಿದ್ರೆ ತಾನೇ ಮಾಡ್ಕೊಳತ್ತೆ. ಬೆಳೆಗಾರನ್ನ ಪರ್ಸಿಸ್ಟ್ ಮಾಡಿದ್ರೆ, ಅಂದ್ರೆ ಉಳಿಸಿದ್ರೆ, ಲಾಟು, ತೂಕ ಎಲ್ಲಾ ಅವ್ನ ಹಿಂದೇನೇ ಹೋಗತ್ತೆ. ಹೋಗತ್ತೆ ಅಂದ್ರೆ, ಜೊತೆಗಿರೋದನ್ನೂ ಉಳಿಸು ಅನ್ನೋ ಕ್ಯಾಸ್ಕೇಡ್ ಪರ್ಸಿಸ್ಟ್ ಬರ್ದಿದ್ರೆ. ನಾನು ಮುಂಗಡದ ಮೇಲೆ ಅದನ್ನ ಬರೆಯೋದು ಮರ್ತು, ಕಮಿಟ್ ಮಾಡ್ದಾಗೆಲ್ಲಾ ಎಕ್ಸೆಪ್ಷನ್ ಬಂದು ಒಂದಿಡೀ ಭಾನುವಾರ ಹಾಳು ಮಾಡ್ಕೊಂಡೆ, ತಪ್ಪು ನಂದೇ. ಕ್ವೆರಿ ಮಾತ್ರ ಬಹಳ ಹಿಡಿಸ್ತು, ಲಾಟ್ ಡಾಟ್ ಬೆಳೆಗಾರ ಡಾಟ್ ಊರು ಅಂತ ಚುಕ್ಕಿ ಹಾಕ್ಕೊಂಡು ಹೋದ್ರೆ ಮುಗೀತು, ಜಾಯಿನ್ ಬರೆಯೋದೇ ಇಲ್ಲ. ಕ್ಲಾಸ್‌ಗಳನ್ನ ಎನ್‌ಹಾನ್ಸರ್ (ಕಂಪೈಲ್ ಆದ ಕೋಡನ್ನ ಡೇಟಾಬೇಸಿಗೆ ಹದ ಮಾಡೋ ಟೂಲ್) ಮೂಲಕ ದಾಟಿಸಿ, ಇಲ್ದಿದ್ರೂ ನಡಿಯತ್ತೆ ಆದ್ರೆ ನಿಧಾನ.

ಜೊತೆಗೆ ಬರೋ ಎಕ್ಸ್‌ಪ್ಲೋರರ್ ಕೂಡ ಚೆನ್ನಾಗಿದೆ, ಬೆಳೆಗಾರನ ಹೆಸರು ಒತ್ತಿ ಬಿಚ್ಚಿದ್ರೆ ಅವ್ನ ಲಾಟುಗಳು, ಲಾಟು ಬಿಚ್ಚಿದ್ರೆ ಮೂಟೆಗಳು, ಮರದ ಕೊಂಬೆ ಥರ. ಆದ್ರೆ ಎಂಬೆಡೆಡ್ ಮೋಡಲ್ಲಿ (ಡೇಟಾಬೇಸ್ ಆ್ಯಪ್ ಒಳಗೇ ಓಡೋವಾಗ) ಒಂದು ಸಲಕ್ಕೆ ಒಂದೇ ಪ್ರೊಸೆಸ್ ಆ ಫೈಲ್ ತೆಗೀಬಹುದು, ಆ್ಯಪ್ ಓಡ್ತಿರೋವಾಗ ಒಳಗೇನಿದೆ ಇಣುಕಿ ನೋಡೋಣ ಅಂದ್ರೆ ಆಗಲ್ಲ. ಸರ್ವರ್ ಎಬ್ಬಿಸಿ (ಪೋರ್ಟ್ 6136) ಎರಡನ್ನೂ ಅದಕ್ಕೇ ಕನೆಕ್ಟ್ ಮಾಡ್ಬೇಕು. ನಾನು ಹಾಗೇ ಬಿಟ್ಟಿದೀನಿ ಈಗ.

ಈಗ ಅಸಲು ಕಿರಿಕಿರಿ. ಓಪನ್ ಸೋರ್ಸ್ ಅಲ್ಲ, ಡೇಟಾ ಎಲ್ಲಾ ಅವ್ರದೇ ಫಾರ್ಮ್ಯಾಟಲ್ಲಿ ಕೂರತ್ತೆ, ಎಸ್‌ಕ್ಯುಎಲ್ ಇಲ್ಲ. ಭಾವ ‘ಇದನ್ನೆಲ್ಲಾ ಎಕ್ಸೆಲ್‌ಗೆ ಹಾಕ್ಕೊಡೋ, ಸಿಎಗೆ ಕಳಿಸ್ಬೇಕು’ ಅಂದಾಗ ಸಿಎಸ್‌ವಿ ಬರೆಯೋ ಕೋಡನ್ನ ಕೂತು ನಾನೇ ಕುಟ್ಟಿದ್ದು. ಒಂದು ಸಮಾಧಾನ ಅಂದ್ರೆ ಕೋಡೆಲ್ಲಾ ಜೆಪಿಎನಲ್ಲೇ (ಆಬ್ಜೆಕ್ಟುಗಳನ್ನ ಡೇಟಾಬೇಸಲ್ಲಿ ಇಡೋಕಿರೋ ಜಾವಾ ಸ್ಟ್ಯಾಂಡರ್ಡು, ಹೈಬರ್ನೇಟೂ ಇದನ್ನೇ ಪಾಲಿಸತ್ತೆ) ಇದೆ, ನಾಳೆ ಬೇಡ ಅನ್ಸಿದ್ರೆ ಹೈಬರ್ನೇಟ್ ಕಡೆ ವಾಪಸ್ ಹೋಗೋಕೆ ಕ್ಲಾಸ್‌ಗಳನ್ನ ಮೊದಲಿಂದ ಬರೀಬೇಕಿಲ್ಲ, ಮ್ಯಾಪಿಂಗ್ ಒಂಚೂರು ಸೇರಿಸಿ ಡೇಟಾ ಸಾಗಿಸಿದ್ರಾಯ್ತು. ದೊಡ್ಡ ಟೀಮು, ದಿನಕ್ಕೊಂದು ರಿಪೋರ್ಟ್ ಕೇಳೋ ಮ್ಯಾನೇಜರ್ ಇರೋ ಕಡೆ ನಾನಂತೂ ಇದನ್ನ ಹಾಕಲ್ಲ.

ಫ್ರೀ ಲೈಸೆನ್ಸಲ್ಲಿ ಒಂದು ಡೇಟಾಬೇಸ್ ಫೈಲಿಗೆ 10 ಎಂಟಿಟಿ ಕ್ಲಾಸು (ಬೆಳೆಗಾರ, ಲಾಟು ಥರ ಉಳಿಸೋ ಒಂದೊಂದು ಬಗೆ), 10 ಲಕ್ಷ ಆಬ್ಜೆಕ್ಟು, ಅಷ್ಟೇ. ಹತ್ತು ಲಕ್ಷ ಆಬ್ಜೆಕ್ಟು ಭಾವನ ಜನ್ಮಕ್ಕೆ ಸಾಕು, ಕ್ಲಾಸಿಂದೇ ಚಿಂತೆ. ನಂದು ಈಗ ಏಳಾಗಿದೆ, ಅವ್ರು ನಿನ್ನೆ ಫೋನ್ ಮಾಡಿ ಗೋಡೌನು, ಲಾರಿ ಬಾಡಿಗೆ, ಹಮಾಲಿ ಲೆಕ್ಕಾನೂ ಸೇರಿಸು ಅಂದ್ರು. ಅಲ್ಲಿಗೆ ಹತ್ತು.