ಟಸ್ಕೀಗಿಯ ಕಾರ್ವರ್ ಮ್ಯೂಸಿಯಂ: ಅರ್ಧ ದಿನವಾದರೂ ಇಟ್ಟುಕೊಂಡು ಹೋಗಿ

ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿ ಯೂನಿವರ್ಸಿಟಿ ಕ್ಯಾಂಪಸ್‌ನಲ್ಲೇ ಇರುವ ಈ ಮ್ಯೂಸಿಯಂಗೆ ಟಿಕೆಟ್ ಇಲ್ಲ, ನೋಡಿಕೊಳ್ಳುವುದು ಅಲ್ಲಿನ ಸರ್ಕಾರದ ನ್ಯಾಷನಲ್ ಪಾರ್ಕ್ ಸರ್ವಿಸ್. ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅಂದ್ರೆ ಕಡಲೆಕಾಯಿ ವಿಜ್ಞಾನಿ ಅಂತಷ್ಟೇ ಗೊತ್ತಿದ್ದವರು ಅವರ ಚಿತ್ರಗಳನ್ನೂ ಹೆಣಿಗೆಯನ್ನೂ ಇಲ್ಲಿ ನೋಡಬೇಕು. 1896ರಲ್ಲಿ ಪಾಠ ಮಾಡಲು ಬಂದವರು 1943ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಇದ್ದರು!

ನನಗೆ ಜಾಸ್ತಿ ಹಿಡಿಸಿದ್ದು ಜೆಸಪ್ ವ್ಯಾಗನ್ ಕಥೆ. ಕಾಲೇಜಿಗೆ ಬರಲಾಗದ ಬಡ ರೈತರ ಹೊಲಕ್ಕೇ 1906ರಲ್ಲಿ ಗಾಡಿಯಲ್ಲಿ ಉಪಕರಣ, ಬೀಜ ಹೇರಿಕೊಂಡು ಹೋಗಿ ಪಾಠ ಹೇಳಿದ್ದು ಇಲ್ಲೇ ಓದಿದ ಥಾಮಸ್ ಕ್ಯಾಂಪ್‌ಬೆಲ್.

ಹೊರಗೆ ಬಂದ ಮೇಲೆ ಸುಮ್ನೆ ಕಾರು ಹತ್ತಬೇಡಿ, ಹಳೆಯ ಕಟ್ಟಡಗಳ ಇಟ್ಟಿಗೆ ನೋಡಿ. ವಿದ್ಯಾರ್ಥಿಗಳೇ ಮಾಡಿ ಸುಟ್ಟ ಇಟ್ಟಿಗೆ ಅವು. ಈ ಯೂನಿವರ್ಸಿಟಿ 1881ರಲ್ಲಿ ಕಪ್ಪು ಜನರ ಶಾಲೆಯಾಗಿ ಶುರುವಾದದ್ದು, ಕೈಯಲ್ಲಿ ಕಾಸಿಲ್ಲ, ಇಟ್ಟಿಗೆ ಸುಡುವ ಮೊದಲ ಮೂರು ಗೂಡು ಕೆಟ್ಟುಹೋದವು, ಆಗ ಮುಖ್ಯಸ್ಥ ಬೂಕರ್ ಟಿ. ವಾಷಿಂಗ್ಟನ್ ತಮ್ಮ ವಾಚ್ ಗಿರವಿ ಇಟ್ಟು ನಾಲ್ಕನೆಯದಕ್ಕೆ ದುಡ್ಡು ಹೊಂದಿಸಿದರು. ಎಷ್ಟೋ ಕಟ್ಟಡಗಳ ನಕ್ಷೆ ಬರೆದದ್ದು ಇಲ್ಲಿನ ಮೇಷ್ಟ್ರು ರಾಬರ್ಟ್ ಟೇಲರ್, ಅಮೆರಿಕದ ಹೆಸರಾಂತ ತಂತ್ರಜ್ಞಾನ ಸಂಸ್ಥೆ ಎಂಐಟಿಯಲ್ಲಿ (ಮ್ಯಾಸಚೂಸೆಟ್ಸ್) ಡಿಗ್ರಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ. ಇದನ್ನೆಲ್ಲ ಎಲ್ಲರೂ ತಿಳಿದಿರಬೇಕು ಅಲ್ವಾ?

ಅಟ್ಲಾಂಟಾದಿಂದ ಕಾರಲ್ಲಿ ಸುಮಾರು ಎರಡು ಗಂಟೆ ದಾರಿ. ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ.